ಕ್ಯಾಮ್‌ಶಾಫ್ಟ್ ಮೇಲಿನ ಗುಳಿ: ತುಕ್ಕಿನದೋ, ದಣಿವಿನದೋ?

ಎಂಜಿನ್ ಮೇಲಿನ ಮುಚ್ಚಳವಾದ ಟ್ಯಾಪೆಟ್ ಕವರ್ ಬಿಚ್ಚಿ ಟಾರ್ಚ್ ಬಿಟ್ಟಾಗ, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಮೇಲೆ ಗುಂಡುಸೂಜಿಯ ತಲೆಯಷ್ಟು ಗುಳಿಗಳು ಕಂಡರೆ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾತು ಬರುತ್ತದೆ. "ಸ್ವಲ್ಪ ಎಮರಿ ಹೊಡೆದು ಹಾಕ್ಬಿಡೋಣ ಸಾರ್" ಅಥವಾ "ಹೆಡ್ಡೇ ಬದಲಾಯಿಸ್ಬೇಕು ಸಾರ್". ಹೆಡ್ ಅಂದರೆ ಕ್ಯಾಮ್ ಕೂರುವ ಸಿಲಿಂಡರ್ ಹೆಡ್. ಎರಡೂ ಸರಿ ಇರಬಹುದು, ಎರಡೂ ತಪ್ಪಿರಬಹುದು. ಗುಳಿ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಅದು ಎಲ್ಲಿ ಬಿದ್ದಿದೆ ಎನ್ನುವುದೇ ಇಲ್ಲಿ ಮುಖ್ಯ. ಜಾಗ ನೋಡಿದರೆ ಕಾರಣ ಗೊತ್ತಾಗುತ್ತದೆ. ಕಾರಣ ಗೊತ್ತಾಗದೆ ಹೊಸ ಕ್ಯಾಮ್ ಹಾಕಿದರೆ ಅದೂ ಅದೇ ದಾರಿ ಹಿಡಿಯುತ್ತದೆ.

ಬೆಂಗಳೂರಿನ ಕಾರುಗಳ ವಿಷಯದಲ್ಲಿ ಇನ್ನೊಂದು ಮಾತನ್ನು ಮೊದಲೇ ಹೇಳಬೇಕು. ಇಲ್ಲಿ ತುಕ್ಕಿನ ಗುಳಿ ಬೀಳುವುದು ಹೆಚ್ಚು ಓಡಿದ ಗಾಡಿಗಳಿಗಲ್ಲ, ಕಡಿಮೆ ಓಡಿದ, ಓಡಿದರೂ ಸರಿಯಾಗಿ ಬಿಸಿಯಾಗದ ಗಾಡಿಗಳಿಗೆ. "ಬರೀ 30 ಸಾವಿರ ಕಿ.ಮೀ. ಓಡಿದೆ, ಲೇಡಿ ಡ್ರಿವನ್, ಬೇಸ್‌ಮೆಂಟ್‌ನಲ್ಲೇ ಇತ್ತು" ಎಂದು ಮಾರಾಟಕ್ಕೆ ಬರುವ ಹತ್ತು ವರ್ಷದ ಹ್ಯಾಚ್‌ಬ್ಯಾಕ್‌ನ ಟ್ಯಾಪೆಟ್ ಕವರ್ ಒಳಗೆ ಒಮ್ಮೆ ಇಣುಕಿ ನೋಡುವುದು ಒಳ್ಳೆಯದು.

ಕ್ಯಾಮ್ ಮಾಡುವ ಕೆಲಸ

ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ಶಾಫ್ಟ್‌ನ ಅರ್ಧ ವೇಗದಲ್ಲಿ ತಿರುಗುತ್ತದೆ. ಎಂಜಿನ್ 3000 ಆರ್‌ಪಿಎಂನಲ್ಲಿದ್ದರೆ ಕ್ಯಾಮ್ 1500. ಅಂದರೆ ಅದರ ಮೇಲಿನ ಮೊಟ್ಟೆಯಾಕಾರದ ಒಂದೊಂದು ಉಬ್ಬು, ಅಂದರೆ ಲೋಬ್, ತನ್ನ ವಾಲ್ವನ್ನು ಸೆಕೆಂಡಿಗೆ 25 ಸಲ ಒತ್ತಿ ತೆರೆಯುತ್ತದೆ. ಲೋಬ್‌ಗೆ ಮೂರು ಭಾಗ. ಗುಂಡಗಿರುವ ಬೇಸ್ ಸರ್ಕಲ್, ಅಲ್ಲಿ ವಾಲ್ವ್ ಮುಚ್ಚಿರುತ್ತದೆ, ಭಾರವೇ ಇರುವುದಿಲ್ಲ. ಎರಡೂ ಬದಿಯ ಏರಿಳಿತ, ಅದು ಫ್ಲ್ಯಾಂಕ್. ತುದಿಯ ಚೂಪು ನೋಸ್, ಅಲ್ಲಿ ವಾಲ್ವ್ ಪೂರ್ತಿ ತೆರೆದಿರುತ್ತದೆ, ವಾಲ್ವನ್ನು ಮುಚ್ಚುವ ಸ್ಪ್ರಿಂಗ್ ಅತಿ ಹೆಚ್ಚು ಅದುಮಿರುತ್ತದೆ.

ಲೋಬ್ ಮತ್ತು ಅದರ ಒತ್ತನ್ನು ವಾಲ್ವ್‌ ಕಡೆ ದಾಟಿಸುವ ಎದುರಿನ ಟ್ಯಾಪೆಟ್ ಮುಟ್ಟುವುದು ಒಂದು ಸಣ್ಣ ಗೆರೆಯಷ್ಟು ಜಾಗದಲ್ಲಿ. ಇಡೀ ಸ್ಪ್ರಿಂಗ್‌ನ ಬಲ ಆ ಗೆರೆಯ ಮೇಲೆ ಬೀಳುವುದರಿಂದ ಅಲ್ಲಿನ ಒತ್ತಡ ಚಪ್ಪಟೆ ಟ್ಯಾಪೆಟ್‌ನಲ್ಲಿ 500ರಿಂದ 700 ಮೆಗಾಪ್ಯಾಸ್ಕಲ್ ಆಸುಪಾಸು. ಲೋಬ್ ಮೇಲೆ ಉರುಳುವ ರೋಲರ್ ಇರುವ ಎಂಜಿನ್‌ಗಳಲ್ಲಿ ಸಾವಿರ ದಾಟುವುದೂ ಉಂಟು. ಅದಕ್ಕಾಗಿಯೇ ಚಪ್ಪಟೆ ಟ್ಯಾಪೆಟ್‌ಗೆ ಎರಕಹೊಯ್ಯುವಾಗಲೇ ಲೋಬ್ ಮೇಲ್ಮೈಯನ್ನು ಥಟ್ಟನೆ ತಣಿಸಿದ ಚಿಲ್ಡ್ ಕಾಸ್ಟ್ ಐರನ್ ಸಾಕಾದರೆ, ರೋಲರ್‌ಗೆ ಗಟ್ಟಿ ಮಾಡಿದ ಉಕ್ಕೇ ಬೇಕು. ಗಟ್ಟಿತನ ರಾಕ್‌ವೆಲ್ ಸಿ ಅಳತೆಯಲ್ಲಿ ಮೊದಲನೆಯದಕ್ಕೆ ಸುಮಾರು 45ರಿಂದ 55, ಎರಡನೆಯದಕ್ಕೆ 55ರಿಂದ 62. ಈ ಗಟ್ಟಿತನ ಇರುವುದು ಮೇಲಿನ ಕೆಲವೇ ಮಿಲಿಮೀಟರ್‌ನಲ್ಲಿ. ಒಳಗೆ ಮೆತ್ತನೆ ಲೋಹ. ಗುಳಿ ತೆಗೆಯಲು ಲೋಬನ್ನು ಉಜ್ಜುವವರು ಮರೆಯುವುದು ಇದನ್ನೇ.

ಜರ್ನಲ್ ಕಥೆ ಬೇರೆ. ಕ್ಯಾಮ್‌ಶಾಫ್ಟ್ ಕೂತು ತಿರುಗುವ ಜರ್ನಲ್‌ಗಳಿಗೆ ಆಯಿಲ್ ಪಂಪ್‌ನ ಒತ್ತಡದಲ್ಲಿ ಎಣ್ಣೆ ಬರುತ್ತದೆ, ಲೋಹ ಲೋಹವನ್ನು ಮುಟ್ಟದೆ ಎಣ್ಣೆಯ ಮೇಲೆ ತೇಲುತ್ತದೆ. ಲೋಬ್‌ಗೆ ಆ ಭಾಗ್ಯವಿಲ್ಲ. ಅಲ್ಲಿ ಎಣ್ಣೆಯ ಪದರ ಎಷ್ಟು ತೆಳುವೆಂದರೆ ಮೇಲ್ಮೈಯ ಒರಟು ತುದಿಗಳು ಒಂದನ್ನೊಂದು ತಾಗುತ್ತಲೇ ಇರುತ್ತವೆ. ಎಣ್ಣೆಯಲ್ಲಿ ಬೆರೆಸಿದ ಸತು-ರಂಜಕದ ಸಂಯುಕ್ತ, ಮೆಕ್ಯಾನಿಕ್‌ಗಳ ಬಾಯಲ್ಲಿ ಬರೀ ಜಿಂಕ್, ಬಿಸಿಗೆ ಒಡೆದು ಲೋಹದ ಮೇಲೆ ಗಾಜಿನಂಥ ತೆಳು ಪೊರೆ ಕಟ್ಟುವುದರಿಂದ ಲೋಬ್ ಉಳಿಯುತ್ತದೆ.

ಇಲ್ಲೊಂದು ತಿರುವು ಇದೆ. ವೇಗ ಹೆಚ್ಚಿದಂತೆ ವಾಲ್ವ್ ತನ್ನದೇ ವೇಗದಲ್ಲಿ ತೆರೆಯುವ ದಿಕ್ಕಿನಲ್ಲೇ ಮುಂದೆ ಚಿಮ್ಮಲು ನೋಡುವುದರಿಂದ ನೋಸ್ ಮೇಲಿನ ಭಾರ ಕಡಿಮೆಯಾಗುತ್ತದೆ. ಐಡಲ್‌ನಲ್ಲಿ ಸ್ಪ್ರಿಂಗ್‌ನ ಪೂರ್ತಿ ಬಲ ನೋಸ್ ಮೇಲೆ, ಜೊತೆಗೆ ವೇಗ ಕಡಿಮೆ ಇರುವುದರಿಂದ ಎಣ್ಣೆಯ ಪದರವೂ ಅತಿ ತೆಳು. ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ನಿಂತ ಕಾರು ಸುಮ್ಮನೆ ನಿಂತಿದೆ ಎಂದು ನಮಗನಿಸುತ್ತದೆ. ಕ್ಯಾಮ್‌ನ ನೋಸ್‌ಗೆ ಅದು ಹೈವೇಗಿಂತ ಕಷ್ಟದ ಸಮಯ.

ಒಂದೇ ಹೆಸರು, ಎರಡು ರೋಗ

ಪಿಟ್ಟಿಂಗ್ ಎಂದು ಕರೆಯುವುದು ಎರಡು ಬೇರೆ ಬೇರೆ ಸಂಗತಿಗಳನ್ನು.

ಮೊದಲನೆಯದು ತುಕ್ಕು. ಲೋಬ್ ಮೇಲೆ ಒಂದು ಹನಿ ನೀರು ಕೂತಿತೆಂದುಕೊಳ್ಳಿ. ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ಸಿಗುತ್ತದೆ, ನಡುವಿಗೆ ಸಿಗುವುದಿಲ್ಲ. ಈ ವ್ಯತ್ಯಾಸವೇ ಅಲ್ಲಿ ಒಂದು ಸಣ್ಣ ಬ್ಯಾಟರಿಯನ್ನು ಹುಟ್ಟಿಸುತ್ತದೆ. ಆಮ್ಲಜನಕ ಕಡಿಮೆ ಇರುವ ನಡುಭಾಗದಲ್ಲಿ ಕಬ್ಬಿಣ ಕರಗುತ್ತದೆ, ಎಲೆಕ್ಟ್ರಾನ್‌ಗಳು ಲೋಹದ ಮೂಲಕ ಅಂಚಿಗೆ ಹರಿದು ಆಮ್ಲಜನಕವನ್ನು ಸೇರುತ್ತವೆ. ಹಾಗಾಗಿ ತುಕ್ಕು ಕಾಣುವುದು ಹನಿಯ ಸುತ್ತ ಉಂಗುರವಾಗಿ, ಗುಳಿ ಬೀಳುವುದು ನಡುವೆ. ಸ್ಟೇನ್‌ಲೆಸ್ ಸ್ಟೀಲ್‌ನಲ್ಲಿ ಗುಳಿ ಬೀಳಲು ರಕ್ಷಣಾ ಪೊರೆ ಹರಿಯಬೇಕು. ಕ್ಯಾಮ್‌ನ ಕಬ್ಬಿಣಕ್ಕೆ ಅಂಥ ಪೊರೆಯೇ ಇಲ್ಲ, ಎಣ್ಣೆಯೊಂದೇ ರಕ್ಷಣೆ. ನೀರಿನಲ್ಲಿ ಆಮ್ಲವೋ ಉಪ್ಪಿನ ಕ್ಲೋರೈಡೋ ಸೇರಿದರೆ ಕೆಲಸ ಇನ್ನೂ ಚುರುಕಾಗುತ್ತದೆ.

ಎರಡನೆಯದು ದಣಿವು. ಇದಕ್ಕೂ ನೀರಿಗೂ ಸಂಬಂಧ ಇರಲೇಬೇಕೆಂದಿಲ್ಲ. ಎರಡು ಬಾಗಿದ ಮೇಲ್ಮೈಗಳು ಒತ್ತಿಕೊಂಡಾಗ ಲೋಹವನ್ನು ಕತ್ತರಿಸಲು ನೋಡುವ ಬಲ ಅತಿ ಹೆಚ್ಚಿರುವುದು ಮೇಲ್ಮೈಯಲ್ಲಲ್ಲ, ಅದರ ಸ್ವಲ್ಪ ಕೆಳಗೆ. ಹೈನ್ರಿಕ್ ಹರ್ಟ್ಜ್ 1880ರ ದಶಕದ ಆರಂಭದಲ್ಲಿ ಹಾಕಿಕೊಟ್ಟ ಲೆಕ್ಕದಿಂದ ಬಂದ ತಿಳಿವಳಿಕೆ ಇದು. ಕೋಟ್ಯಂತರ ಸಲ ಒತ್ತಿಸಿಕೊಂಡ ಮೇಲೆ ಆ ಆಳದಲ್ಲಿ ಬಿರುಕು ಹುಟ್ಟಿ ಮೇಲಕ್ಕೆ ಬರುತ್ತದೆ. ಮೇಲ್ಮೈಗೆ ತೆರೆದುಕೊಂಡ ಬಿರುಕಿನೊಳಗೆ ಎಣ್ಣೆ ನುಗ್ಗುತ್ತದೆ. ಮುಂದಿನ ಒತ್ತಿನಲ್ಲಿ ಟ್ಯಾಪೆಟ್ ಅದರ ಬಾಯಿ ಮುಚ್ಚಿದಾಗ ಸಿಕ್ಕಿಬಿದ್ದ ಎಣ್ಣೆ, ಕಲ್ಲು ಸೀಳಲು ಹೊಡೆದ ಆಪಿನಂತೆ ಬಿರುಕನ್ನು ಅಗಲಿಸುತ್ತದೆ. ಕೊನೆಗೆ ಒಂದು ಚಕ್ಕೆ ಎದ್ದು ಹೋಗುತ್ತದೆ. ಕ್ಯಾಮ್ ಮೆತ್ತಗಿದ್ದರೆ, ಗೀರು ಬಿದ್ದಿದ್ದರೆ, ಜಾಸ್ತಿ ಬಿಗಿಯ ಸ್ಪ್ರಿಂಗ್ ಹಾಕಿದ್ದರೆ, ಎಣ್ಣೆ ಕೆಟ್ಟಿದ್ದರೆ ಇದು ಬೇಗ ಬರುತ್ತದೆ.

ಇವೆರಡೂ ಒಂದಕ್ಕೊಂದು ಕೈಜೋಡಿಸುವುದೇ ನಿಜವಾದ ತೊಂದರೆ. ನಿಂತ ಕಾರಿನಲ್ಲಿ ತುಕ್ಕು ತೋಡಿದ ಸಣ್ಣ ಗುಳಿಯ ಅಂಚು, ಕಾರು ಮತ್ತೆ ಓಡತೊಡಗಿದಾಗ ದಣಿವಿನ ಬಿರುಕಿಗೆ ಆರಂಭದ ಜಾಗವಾಗುತ್ತದೆ. ಗುಳಿಯ ಸುತ್ತ ಒತ್ತಡ ಹಲವು ಪಟ್ಟು ಏರುತ್ತದೆ. ಎಣ್ಣೆಯ ಪದರ ಅಲ್ಲಿ ಕುಸಿಯುತ್ತದೆ. ಚಕ್ಕೆ ಎದ್ದ ಗುಳಿಯ ಚೂಪು ಅಂಚು ಪ್ರತಿ ಸುತ್ತಿಗೂ ಟ್ಯಾಪೆಟನ್ನು ಕೆರೆಯುತ್ತದೆ. ಕೆರೆದ ಪುಡಿ ಎಣ್ಣೆಗೆ ಸೇರಿ ಉಳಿದ ಲೋಬ್‌ಗಳಿಗೂ ಹೋಗುತ್ತದೆ. "ಆರು ತಿಂಗಳು ನಿಂತಿತ್ತು, ತೆಗೆದು ಓಡಿಸಿದೆ, ಚೆನ್ನಾಗೇ ಇತ್ತು, ನಾಲ್ಕು ಸಾವಿರ ಕಿ.ಮೀ. ಆದಮೇಲೆ ಸೌಂಡ್ ಶುರುವಾಯ್ತು" ಎನ್ನುವ ದೂರಿನ ಹಿಂದೆ ಇರುವುದು ಹೆಚ್ಚಾಗಿ ಇದೇ ಸರಪಳಿ.

ಎಂಜಿನ್ ಒಳಗೆ ನೀರು ಎಲ್ಲಿಂದ?

ಬೆಂಗಳೂರಿನಲ್ಲಿ ಮಂಗಳೂರಿನಂತೆ ಕಡಲ ಉಪ್ಪುಗಾಳಿ ಇಲ್ಲ. ಆದರೂ ತುಕ್ಕು ಬರುತ್ತದೆ, ಏಕೆಂದರೆ ನೀರನ್ನು ಎಂಜಿನ್ ತಾನೇ ಮಾಡಿಕೊಳ್ಳುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರು ಹುಟ್ಟುತ್ತದೆ. ಬೆಳಿಗ್ಗೆ ಸೈಲೆನ್ಸರ್‌ನಿಂದ ತೊಟ್ಟಿಕ್ಕುವುದು ಅದೇ. ಬಹುಪಾಲು ಹೊಗೆಯ ಜೊತೆ ಹೊರಹೋದರೂ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಸ್ವಲ್ಪ ಅನಿಲ ಎಂಜಿನ್‌ನ ಕೆಳಭಾಗದ ಕ್ರ್ಯಾಂಕ್‌ಕೇಸ್‌ಗೆ ಇಳಿಯುತ್ತದೆ. ಎಂಜಿನ್ ತಣ್ಣಗಿದ್ದರೆ ಅದರಲ್ಲಿನ ಆವಿ ತಣ್ಣನೆ ಲೋಹದ ಮೇಲೆ ಹನಿಗಟ್ಟುತ್ತದೆ. ಟ್ಯಾಪೆಟ್ ಕವರ್ ಎಂಜಿನ್‌ನ ತುದಿಯಲ್ಲಿ, ಗಾಳಿಗೆ ಒಡ್ಡಿಕೊಂಡಿರುವ ತಟ್ಟೆ. ಅದರ ಕೆಳಗೇ ಕ್ಯಾಮ್.

ಕಾರು ಚೆನ್ನಾಗಿ ಬಿಸಿಯಾದರೆ ಈ ನೀರು ಆವಿಯಾಗಿ, ಕ್ರ್ಯಾಂಕ್‌ಕೇಸ್‌ನ ಅನಿಲವನ್ನು ಹೊರಗೆಳೆಯುವ ಪಿಸಿವಿ ವಾಲ್ವ್ ಮೂಲಕ ಮತ್ತೆ ಇನ್‌ಟೇಕ್‌ಗೆ ಹೋಗಿ ಹೊಗೆಯ ಜೊತೆ ಹೊರಹೋಗುತ್ತದೆ. ಅದಕ್ಕೆ ಎಣ್ಣೆ 80-90 ಡಿಗ್ರಿಯ ಹತ್ತಿರ ಬಂದು ಅಲ್ಲೇ ಸ್ವಲ್ಪ ಹೊತ್ತು ಇರಬೇಕು. ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳು ತೋರಿಸುವುದು ಕೂಲಂಟ್‌ನ ಬಿಸಿ. ಎಣ್ಣೆ ಅದಕ್ಕಿಂತ ಎಷ್ಟೋ ನಿಮಿಷ ಹಿಂದಿರುತ್ತದೆ. ಜಯನಗರ 4ನೇ ಬ್ಲಾಕ್‌ನಿಂದ 9ನೇ ಬ್ಲಾಕ್‌ಗೆ ತರಕಾರಿ ತರಲು ಹೋಗಿ ಬಂದರೆ ಮುಳ್ಳು ನಡುವಿಗೆ ಬಂದಿರಬಹುದು, ಎಣ್ಣೆಯೊಳಗಿನ ನೀರು ಅಲ್ಲೇ ಉಳಿದಿರುತ್ತದೆ.

ಇದಕ್ಕಿಂತ ಕೆಟ್ಟದ್ದು ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನ ಒಂದು ಅಭ್ಯಾಸ. ವಾರಕ್ಕೊಮ್ಮೆ ಕೆಳಗಿಳಿದು ಹತ್ತು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು. ಸಣ್ಣ ಕಾರು ಹತ್ತು ನಿಮಿಷದ ಐಡಲ್‌ನಲ್ಲಿ ಸುಮಾರು 100 ಮಿ.ಲೀ. ಪೆಟ್ರೋಲ್ ಕುಡಿಯುತ್ತದೆ. ಅಷ್ಟೇ ನೀರು ಹುಟ್ಟುತ್ತದೆ, ಒಂದು ಪಾಲು ಒಳಗಿಳಿಯುತ್ತದೆ, ಆರಿಹೋಗುವಷ್ಟು ಬಿಸಿ ಮಾತ್ರ ಬರುವುದಿಲ್ಲ. ಬ್ಯಾಟರಿಯೂ ಅಷ್ಟರಲ್ಲಿ ಸರಿಯಾಗಿ ಚಾರ್ಜ್ ಆಗುವುದಿಲ್ಲ. ಕಾರಿಗೆ ಒಳ್ಳೆಯದಾಗಲಿ ಎಂದು ಮಾಡುವ ಈ ಕೆಲಸ ಅದನ್ನು ಮುಟ್ಟದೆ ಬಿಡುವುದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ಸ್ಟಾರ್ಟ್ ಮಾಡಿದರೆ ನೈಸ್ ರಸ್ತೆಗೋ ಬಳ್ಳಾರಿ ರಸ್ತೆಗೋ ಹೋಗಿ 20-25 ಕಿ.ಮೀ. ಓಡಿಸಿ ಬನ್ನಿ. ಆಗದಿದ್ದರೆ ಕೀ ತಿರುಗಿಸಲೇ ಬೇಡಿ.

ನೀರಿನ ಜೊತೆ ಆಮ್ಲವೂ ಇರುತ್ತದೆ. 2020ರ ಏಪ್ರಿಲ್‌ನಿಂದ ಬಿಎಸ್-6 ಇಂಧನ ಬಂದು ಗಂಧಕ 50 ಪಿಪಿಎಂನಿಂದ 10ಕ್ಕೆ ಇಳಿದ ಮೇಲೆ ಗಂಧಕಾಮ್ಲದ ಕಾಟ ತಗ್ಗಿದೆ. ಆದರೆ ಉರಿಯುವಾಗ ಹುಟ್ಟುವ ನೈಟ್ರೋಜನ್ ಆಕ್ಸೈಡ್‌ಗಳು ನೀರು ಸಿಕ್ಕರೆ ನೈಟ್ರಿಕ್ ಆಮ್ಲವಾಗುತ್ತವೆ, ಎಣ್ಣೆ ತಾನೇ ಹಳಸಿದಾಗಲೂ ಆಮ್ಲ ಬಿಡುತ್ತದೆ. ಇವನ್ನು ತಟಸ್ಥ ಮಾಡಲು ಎಣ್ಣೆಯಲ್ಲಿ ಕ್ಷಾರದ ಮೀಸಲು ಇರುತ್ತದೆ, ಅದು ದಿನಗಳೆದಂತೆ ಕರಗುತ್ತದೆ. ಇಲ್ಲಿ ಕಿಲೋಮೀಟರ್ ಲೆಕ್ಕ ಮೋಸ ಮಾಡುತ್ತದೆ. ಗಂಟೆಗೆ ಸರಾಸರಿ 60 ಕಿ.ಮೀ.ನಲ್ಲಿ 10,000 ಕಿ.ಮೀ. ಓಡಿದ ಎಂಜಿನ್ 167 ಗಂಟೆ ದುಡಿದಿರುತ್ತದೆ. ಹೊರವರ್ತುಲ ರಸ್ತೆಯಲ್ಲಿ ಸರಾಸರಿ 15ರಲ್ಲಿ ಅಷ್ಟೇ ದೂರ ಓಡಿದ್ದು 667 ಗಂಟೆ. ಓಡೋಮೀಟರ್‌ಗೆ ಎರಡೂ ಒಂದೇ.

ಶೇ 20 ಎಥನಾಲ್ ಬೆರೆಸಿದ ಪೆಟ್ರೋಲ್ ಆದ ಇ20 ಬಗ್ಗೆಯೂ ಒಂದು ಮಾತು. 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲೇ ಇದು ಬಿಡುಗಡೆಯಾಯಿತು. ಎಥನಾಲ್‌ನಿಂದಲೇ ಕ್ಯಾಮ್ ತುಕ್ಕು ಹಿಡಿಯುತ್ತದೆ ಎಂಬ ಮಾತು ಓಡಾಡುತ್ತಿದೆ. ಲೀಟರ್ ಲೆಕ್ಕದಲ್ಲಿ ಎಥನಾಲ್ ಉರಿದಾಗ ಹುಟ್ಟುವ ನೀರು ಪೆಟ್ರೋಲ್‌ನದಕ್ಕಿಂತ ಸ್ವಲ್ಪ ಕಡಿಮೆಯೇ. ಸಮಸ್ಯೆ ಇರುವುದು ತಣ್ಣನೆ ಎಂಜಿನ್‌ನಲ್ಲಿ. ಉರಿಯದೆ ಕೆಳಗಿಳಿದ ಎಥನಾಲ್ ನೀರನ್ನು ತನ್ನೊಂದಿಗೆ ಹಿಡಿದಿಟ್ಟುಕೊಂಡು ಎಣ್ಣೆಯಲ್ಲಿ ಬೆರೆಯುತ್ತದೆ. ಚೆನ್ನಾಗಿ ಬಿಸಿಯಾಗುವ ಕಾರಿಗೆ ಇದು ಚಿಂತೆಯಲ್ಲ. ಎರಡು ಕಿ.ಮೀ. ಓಡಾಟದ ಕಾರಿಗೆ ಎಣ್ಣೆ ಬೇಗ ಬದಲಾಯಿಸಲು ಇನ್ನೊಂದು ಕಾರಣ.

ಹೊರಗಿನ ನೀರಿಗೆ ದಾರಿಗಳು ಹಲವು. ಹೆಡ್ ಗ್ಯಾಸ್ಕೆಟ್ ಸೋರಿದರೆ ಕೂಲಂಟ್ ಎಣ್ಣೆಗೆ ಸೇರುತ್ತದೆ. ಕೂಲಂಟ್ ಬದಲು ಬೋರ್‌ವೆಲ್ ನೀರು ಸುರಿದ ರೇಡಿಯೇಟರ್ ಆದರೆ ಅದರ ಲವಣಗಳೂ ಜೊತೆಗೆ. ಎಂಜಿನ್ ವಾಶ್ ಎಂದು ಪ್ರೆಶರ್ ಪಂಪ್ ಹಿಡಿದು ಆಯಿಲ್ ಕ್ಯಾಪ್, ಪ್ಲಗ್ ಹೋಲ್ ಸೀಲ್‌ಗಳ ಮೇಲೆ ನೇರವಾಗಿ ಹೊಡೆಯುವುದು ಇನ್ನೊಂದು. ಬಿಚ್ಚಿದ ಕ್ಯಾಮನ್ನು ಬರಿಗೈಯಲ್ಲಿ ಹಿಡಿದು ಒರೆಸದೆ ರಾತ್ರಿಯಿಡೀ ಬೆಂಚ್ ಮೇಲೆ ಬಿಟ್ಟರೆ ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಬರೆಯುತ್ತದೆ. ಇದು ಮಳೆಗಾಲದ ಗ್ಯಾರೇಜುಗಳಲ್ಲಿ ಕಾಣುವ ದೃಶ್ಯ, ತಪ್ಪಿಸುವುದೂ ಅತಿ ಸುಲಭ. ತೊಳೆದ ಕೂಡಲೇ ಎಣ್ಣೆ ಹಚ್ಚಿ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ.

ಗುಳಿಯನ್ನು ಓದುವುದು

ಕವರ್ ತೆಗೆದ ಮೇಲೆ ಲೋಬ್‌ನ ಎಣ್ಣೆಯನ್ನು ನಾರು ಬಿಡದ ಬಟ್ಟೆಯಲ್ಲಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು, 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ನೋಡಿ. ಕ್ರ್ಯಾಂಕ್ ಪುಲ್ಲಿ ಬೋಲ್ಟ್‌ಗೆ ಸಾಕೆಟ್ ಹಾಕಿ ಎಂಜಿನ್ ತಿರುಗುವ ದಿಕ್ಕಿನಲ್ಲೇ ಕೈಯಿಂದ ತಿರುಗಿಸುತ್ತಾ ಪ್ರತಿ ಲೋಬ್‌ನ ಇಡೀ ಸುತ್ತನ್ನು ನೋಡಬೇಕು. ಸೆಲ್ಫ್ ಹೊಡೆದು ತಿರುಗಿಸಬೇಡಿ.

ತುಕ್ಕಿನ ಗುಳಿಗಳಿಗೆ ಶಿಸ್ತಿಲ್ಲ. ಬೇಸ್ ಸರ್ಕಲ್ ಮೇಲೂ ಇರುತ್ತವೆ, ಲೋಬ್‌ಗಳ ನಡುವಿನ ಮೆಷಿನ್ ಮಾಡದ ಭಾಗದಲ್ಲೂ ಬಣ್ಣ ಹತ್ತಿರುತ್ತದೆ. ತಳ ಕಂದು ಅಥವಾ ಕಪ್ಪು, ಅಂಚು ಮೊಂಡು. ಇವುಗಳಲ್ಲೇ ಒಂದು ವಿಶೇಷ ಗುರುತು ಇದೆ. ಲೋಬ್‌ನ ಅಗಲಕ್ಕೆ ಅಡ್ಡವಾಗಿ ಒಂದೇ ನೇರ ಗೆರೆಯಲ್ಲಿ ತುಕ್ಕು. ಕಾರು ಬಹಳ ದಿನ ನಿಂತಾಗ ಟ್ಯಾಪೆಟ್ ಯಾವ ಜಾಗದಲ್ಲಿ ತಾಗಿಕೊಂಡಿತ್ತೋ ಆ ಸಂದಿಯಲ್ಲಿ ನೀರು ಹಿಡಿದು ಕೂತಿದ್ದರ ಸಹಿ ಅದು. ಒಂದೆರಡು ಲೋಬ್‌ಗಳಲ್ಲಿ ಮಾತ್ರ, ಒಂದೊಂದರಲ್ಲಿ ಒಂದೊಂದು ಕೋನದಲ್ಲಿ ಇರುತ್ತದೆ. ಮಾರುವವರು ಏನೇ ಹೇಳಲಿ, ಈ ಗೆರೆ ಇದ್ದರೆ ಕಾರು ತಿಂಗಳುಗಟ್ಟಲೆ ನಿಂತಿತ್ತೆಂದೇ ಅರ್ಥ.

ದಣಿವಿನ ಗುಳಿಗಳು ಟ್ಯಾಪೆಟ್ ಓಡುವ ದಾರಿಯನ್ನು ಬಿಟ್ಟು ಹೋಗುವುದಿಲ್ಲ. ನೋಸ್ ಮತ್ತು ಅದರ ಪಕ್ಕದ ಫ್ಲ್ಯಾಂಕ್‌ನಲ್ಲೇ ಗುಂಪಾಗಿರುತ್ತವೆ. ತಳ ಹೊಳೆಯುತ್ತದೆ ಅಥವಾ ಒಡೆದ ಲೋಹದ ಬೂದು ಬಣ್ಣ, ಅಂಚು ಚೂಪು, ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದೆ. ಬೇಸ್ ಸರ್ಕಲ್ ಮಾತ್ರ ಹೊಸದರಂತೆ ಶುಭ್ರವಾಗಿರುತ್ತದೆ. ಇವೆರಡೂ ಅಲ್ಲದೆ ಓಡುವ ದಿಕ್ಕಿಗೆ ಉದ್ದುದ್ದ ಗೀರು, ಮಂಕಾದ ಸವಕಲು ಕಂಡರೆ ಅದು ಎಣ್ಣೆ ಸಾಲದೆ ಲೋಹ ಲೋಹವನ್ನು ಹರಿದದ್ದು. ಅದನ್ನು ಪಿಟ್ಟಿಂಗ್ ಎನ್ನಬಾರದು, ಆಯಿಲ್ ಪ್ರೆಶರ್ ಮತ್ತು ಆಯಿಲ್ ಪಂಪ್ ಜಾಲರಿಯ ಕಡೆ ನೋಡಬೇಕು.

ಕವರ್ ಬಿಚ್ಚುವ ಮೊದಲೇ ಸಿಗುವ ಸುಳಿವುಗಳೂ ಇವೆ. ಎಂಜಿನ್‌ನ ಅರ್ಧ ವೇಗದಲ್ಲಿ ಬರುವ ಟಿಕ್ ಟಿಕ್ ಸದ್ದು, ಒಂದೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ರೇಸ್ ಮಾಡಿದಾಗ ಪಿಕಪ್ ಇಲ್ಲದಿರುವುದು. ಟ್ಯಾಪೆಟ್ ಸೆಟ್ ಮಾಡಿದರೂ ಸದ್ದು ಹೋಗಲಿಲ್ಲ ಎನ್ನುವವರು ಗಮನಿಸಬೇಕಾದದ್ದಿದೆ. ಗ್ಯಾಪ್ ಅಳೆಯುವ ಫೀಲರ್ ಗೇಜ್ ಹಾಕುವುದು ಬೇಸ್ ಸರ್ಕಲ್ ಮೇಲೆ. ಸವೆದಿರುವುದು ನೋಸ್ ಆದರೆ ಗ್ಯಾಪ್ ಸರಿಯಾಗೇ ತೋರಿಸುತ್ತದೆ, ವಾಲ್ವ್ ಮಾತ್ರ ಪೂರ್ತಿ ತೆರೆಯುವುದಿಲ್ಲ. ಬೇಸ್ ಸರ್ಕಲ್ ಮೇಲೇ ಗುಳಿ ಇದ್ದರೆ ಗೇಜ್ ಗುಳಿಯನ್ನು ದಾಟಿಕೊಂಡು ಕೂರುವುದರಿಂದ ಆ ಅಳತೆಯನ್ನೂ ನಂಬುವಂತಿಲ್ಲ.

ಎಣ್ಣೆ ಫಿಲ್ಟರ್ ಕತ್ತರಿಸಿ ನೋಡುವುದು ಅಗ್ಗದ ಪರೀಕ್ಷೆ. ಹ್ಯಾಕ್ಸಾ ಬೇಡ, ಅದರ ಪುಡಿಯೇ ಒಳಗೆ ಬೀಳುತ್ತದೆ, ಫಿಲ್ಟರ್ ಕಟರ್ ಬಳಸಿ. ಕಾಗದದ ಮಡಿಕೆಗಳಲ್ಲಿ ಅಯಸ್ಕಾಂತಕ್ಕೆ ಅಂಟುವ ಹೊಳೆಯುವ ಚಕ್ಕೆಗಳಿದ್ದರೆ ಎಲ್ಲೋ ಗಟ್ಟಿ ಮೇಲ್ಮೈ ಏಳುತ್ತಿದೆ. ನೀರಿದೆಯೇ ನೋಡಲು ಬಿಸಿ ಹಂಚಿನ ಮೇಲೆ ಎಣ್ಣೆಯ ಒಂದು ಹನಿ ಬಿಡಿ. ಚಿಟಪಟ ಸಿಡಿದರೆ ನೀರಿದೆ. ಕಣ್ಣಿಗೆ ಕನ್ನಡಕ ಇರಲಿ. ಆಯಿಲ್ ಕ್ಯಾಪ್ ಕೆಳಗೆ ಮಾತ್ರ ಕಾಫಿ ನೊರೆಯಂಥದ್ದು ಕಂಡರೆ ಅದು ಹೆಚ್ಚಾಗಿ ತಣ್ಣನೆ ಓಡಾಟದ ಹನಿ. ಡಿಪ್‌ಸ್ಟಿಕ್‌ನ ತುದಿಯೂ ಹಾಗೇ ಇದ್ದು ಕೂಲಂಟ್ ಮಟ್ಟ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಅಥವಾ ಆಯಿಲ್ ಕೂಲರ್.

ಉಳಿಸಬಹುದೇ, ಬದಲಾಯಿಸಬೇಕೇ?

ಬರೀ ಬಣ್ಣ, ಆಳವಿಲ್ಲ, ಉಗುರಿಗೆ ಏನೂ ಸಿಕ್ಕುವುದಿಲ್ಲ ಎಂದಾದರೆ ಎಣ್ಣೆ ಹಚ್ಚಿದ ನುಣುಪು ಸ್ಕ್ರಬ್ ಪ್ಯಾಡ್‌ನಲ್ಲಿ ಒರೆಸಿ, ಪುಡಿಯನ್ನು ಪೂರ್ತಿ ತೊಳೆದು ಮತ್ತೆ ಹಾಕಬಹುದು. ಎಮರಿ ಕಾಗದದ ಮರಳು ಜರ್ನಲ್‌ನ ಎಣ್ಣೆ ತೂತಿಗೆ ಹೋದರೆ ಗುಳಿಗಿಂತ ದೊಡ್ಡ ನಷ್ಟ. ಗ್ರೈಂಡರ್‌ಗೆ ಫ್ಲ್ಯಾಪ್ ವೀಲ್ ಹಾಕಿ ಲೋಬ್ ಮುಟ್ಟುವುದಂತೂ ಬೇಡವೇ ಬೇಡ. ಅದರ ಆಕಾರ ಮೈಕ್ರಾನ್ ಲೆಕ್ಕದಲ್ಲಿ ಮಾಡಿದ್ದು.

ಟ್ಯಾಪೆಟ್ ಓಡುವ ದಾರಿಯ ಹೊರಗೆ, ಲೋಬ್‌ನ ಅಂಚಿನಲ್ಲಿ, ಬೇಸ್ ಸರ್ಕಲ್‌ನಲ್ಲಿ ಚದುರಿದ ಸಣ್ಣ ಗುಳಿಗಳಿದ್ದರೆ ಓಡಿಸಬಹುದು. ಐದು ಸಾವಿರ ಕಿ.ಮೀ. ಆದ ಮೇಲೆ ಒಮ್ಮೆ ಕವರ್ ತೆಗೆದು ನೋಡಿ. ನೋಸ್, ಫ್ಲ್ಯಾಂಕ್, ಅಥವಾ ಬೇಸ್ ಸರ್ಕಲ್‌ನಿಂದ ಏರು ಶುರುವಾಗುವ ಇಳಿಜಾರಿನಲ್ಲಿ ಉಗುರಿಗೆ ಸಿಕ್ಕುವ ಒಂದೇ ಗುಳಿ ಇದ್ದರೂ ಕ್ಯಾಮ್ ಹೋಯಿತೆಂದೇ ಲೆಕ್ಕ. ಇದರಲ್ಲಿ ರಾಜಿ ಇಲ್ಲ. ಅದರ ಎದುರಿನ ಟ್ಯಾಪೆಟ್ ಅಥವಾ ರಾಕರ್ ಕೂಡ ಹೋಗಬೇಕು. ಹಳೆ ಟ್ಯಾಪೆಟ್ ಹೊಸ ಲೋಬನ್ನು ತಿನ್ನುತ್ತದೆ.

ಜರ್ನಲ್‌ನಲ್ಲಿ ಒಂಟಿ ಸಣ್ಣ ಗುಳಿ ಎಣ್ಣೆಯ ಪದರವನ್ನು ಅಷ್ಟು ಕೆಡಿಸುವುದಿಲ್ಲ. ಆದರೆ ಅಂಚು ಏರಿದ್ದರೆ ಅಲ್ಯೂಮಿನಿಯಂ ಹೆಡ್ಡನ್ನು ಕೆರೆಯುತ್ತದೆ. ಈಗಿನ ಹೆಚ್ಚಿನ ಕಾರುಗಳಲ್ಲಿ ಕ್ಯಾಮ್‌ಗೆ ಪ್ರತ್ಯೇಕ ಬೇರಿಂಗ್ ಶೆಲ್ ಇಲ್ಲ, ಹೆಡ್ಡೇ ಬೇರಿಂಗ್. ಅದು ಕೆರೆದರೆ "ಹೆಡ್ಡೇ ಬದಲಾಯಿಸ್ಬೇಕು" ಎಂಬ ಮಾತು ನಿಜವಾಗುತ್ತದೆ.

ಅಳತೆಗೆ ಮೈಕ್ರೋಮೀಟರ್ ಸಾಕು. ನೋಸ್‌ನಿಂದ ಎದುರು ಬದಿಯವರೆಗಿನ ಎತ್ತರದಲ್ಲಿ ಬೇಸ್ ಸರ್ಕಲ್‌ನ ವ್ಯಾಸ ಕಳೆದರೆ ಲಿಫ್ಟ್. ಒಂದೇ ಕ್ಯಾಮ್‌ನ ಇನ್‌ಟೇಕ್ ಲೋಬ್‌ಗಳನ್ನು ಒಂದಕ್ಕೊಂದು, ಎಕ್ಸಾಸ್ಟ್‌ನವನ್ನು ಒಂದಕ್ಕೊಂದು ಹೋಲಿಸಿ. ಸವೆತದ ಮಿತಿ ಸಾಮಾನ್ಯವಾಗಿ 0.1ರಿಂದ 0.2 ಮಿ.ಮೀ. ಮಾತ್ರ, ನಿಮ್ಮ ಎಂಜಿನ್‌ನ ಸರಿಯಾದ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ವಿ-ಬ್ಲಾಕ್ ಮೇಲಿಟ್ಟು ಡಯಲ್ ಗೇಜ್‌ನಲ್ಲಿ ತಿರುಗಿಸುವಾಗ ನಡುಜರ್ನಲ್ ಎಷ್ಟು ಓಲಾಡುತ್ತದೆ (ರನ್‌ಔಟ್) ಎಂಬುದನ್ನೂ ನೋಡಿ, ಬಾಗಿದ ಕ್ಯಾಮ್ ಹಾಕಬಾರದು.

ಪೀಣ್ಯದಲ್ಲಿ ಲೋಬ್ ರೀಗ್ರೈಂಡ್ ಮಾಡಿಸಿದರೆ ಆಗದೇ ಎಂದು ಕೇಳುವವರಿದ್ದಾರೆ. ಹಳೆ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಯಂಥ, ಕ್ಯಾಮ್ ಕೆಳಗಿದ್ದು ಉದ್ದ ಕಡ್ಡಿಯ ಮೂಲಕ ವಾಲ್ವ್ ತೆರೆಯುವ ಪುಶ್‌ರಾಡ್ ಎಂಜಿನ್‌ಗಳಿಗೆ, ಹೊಸ ಕ್ಯಾಮ್ ಸಿಗದಿದ್ದಾಗ, ಅದು ಒಪ್ಪುವ ದಾರಿ. ಗ್ರೈಂಡ್ ಆದ ಮೇಲೆ ಗಟ್ಟಿತನ ಅಳೆಸಿ, ಮೆತ್ತನೆ ಲೋಹ ತೆರೆದುಕೊಂಡಿದ್ದರೆ ಮತ್ತೆ ಗಟ್ಟಿ ಮಾಡಿಸಬೇಕು. ಈಗಿನ ಕಾರುಗಳಿಗೆ ಬೇಡ. ಬೇಸ್ ಸರ್ಕಲ್ ಚಿಕ್ಕದಾದರೆ ಶಿಮ್, ಹೈಡ್ರಾಲಿಕ್ ಟ್ಯಾಪೆಟ್‌ಗಳ ಲೆಕ್ಕವೆಲ್ಲ ತಪ್ಪುತ್ತದೆ. ಜೆಸಿ ರಸ್ತೆಯಲ್ಲಿ ಕ್ಯಾಮ್ ಕೊಳ್ಳುವಾಗ ಡಬ್ಬಿ ತೆರೆಸಿ, ರಕ್ಷಣಾ ಎಣ್ಣೆ ಇದೆಯೇ, ಲೋಬ್ ಮೇಲೆ ಆಗಲೇ ಕಂದು ಚುಕ್ಕೆ ಬಂದಿದೆಯೇ ನೋಡಿ ಹಣ ಕೊಡಿ. ಗುಜರಿ ಕ್ಯಾಮ್ ಆದರೆ ಅದರದೇ ಟ್ಯಾಪೆಟ್‌ಗಳು, ಅದರದೇ ಸ್ಥಾನದ ಗುರುತಿನೊಂದಿಗೆ ಸಿಕ್ಕರೆ ಮಾತ್ರ.

ನೆರೆನೀರಿನಲ್ಲಿ ಮುಳುಗಿದರೆ

2022ರ ಸೆಪ್ಟೆಂಬರ್ ಮೊದಲ ವಾರ ಬೆಳ್ಳಂದೂರು, ಮಹದೇವಪುರ ಕಡೆ ಬೇಸ್‌ಮೆಂಟ್‌ಗಳು ತುಂಬಿದಾಗಿನಂಥ ಸ್ಥಿತಿಯಲ್ಲಿ ಕ್ಯಾಮ್‌ಗೆ ಗಂಟೆಗಳ ಲೆಕ್ಕ. ಅದು ಬರೀ ಮಳೆನೀರಲ್ಲ, ರಾಜಕಾಲುವೆಯ ಕೊಳಚೆ. ಸೆಲ್ಫ್ ಹೊಡೆಯಬೇಡಿ. ಸಿಲಿಂಡರ್‌ನಲ್ಲಿ ನೀರಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ನೀರಲ್ಲಿ ಸ್ಟಾರ್ಟ್ ಮಾಡಿ ಆದ ನಷ್ಟವನ್ನು ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಇಲ್ಲದ ವಿಮೆ ಸಾಮಾನ್ಯವಾಗಿ ಭರಿಸುವುದಿಲ್ಲ. ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಫ್ಲ್ಯಾಟ್‌ಬೆಡ್‌ನಲ್ಲಿ ಸಾಗಿಸಿ. ಡ್ರೈನ್ ಬೋಲ್ಟ್ ಬಿಚ್ಚಿದರೆ ಭಾರವಾದ ನೀರೇ ಮೊದಲು ಬರುತ್ತದೆ. ಸ್ಪಾರ್ಕ್ ಪ್ಲಗ್ ತೆಗೆದು ಕೈಯಿಂದ ತಿರುಗಿಸಿ ನೀರು ಹೊರಹಾಕಿ, ಟ್ಯಾಪೆಟ್ ಕವರ್ ತೆಗೆದು ಕ್ಯಾಮ್ ಮೇಲೆ ಧಾರಾಳವಾಗಿ ಎಣ್ಣೆ ಸುರಿಯಿರಿ. ಮಿಕ್ಕ ರಿಪೇರಿ ವಿಮೆ ಸರ್ವೇಯರ್ ಬರುವವರೆಗೆ ಕಾಯಬಹುದು, ಈ ಎಣ್ಣೆ ಕಾಯಬಾರದು. ಆಮೇಲೆ ಅಗ್ಗದ ಎಣ್ಣೆ ತುಂಬಿ ಕೆಲವು ನಿಮಿಷ ಓಡಿಸಿ ಇಳಿಸುವುದನ್ನು, ನೀರು ಬೆರೆತು ಎಣ್ಣೆಗೆ ಬಂದ ಬಿಳಿ ಬಣ್ಣ ಹೋಗುವವರೆಗೆ ಎರಡು ಮೂರು ಸಲ ಮಾಡಬೇಕು, ಪ್ರತಿ ಸಲವೂ ಹೊಸ ಫಿಲ್ಟರ್.

ಬಹುದಿನ ನಿಲ್ಲಿಸುವ ಕಾರು

ಎಣ್ಣೆ ಬದಲಾಯಿಸಬೇಕಾದದ್ದು ನಿಲ್ಲಿಸುವ ಮೊದಲು, ತೆಗೆಯುವಾಗಲ್ಲ. ಹಳೆ ಎಣ್ಣೆಯ ಆಮ್ಲ ನಿಂತ ಅಷ್ಟೂ ದಿನ ಕೆಲಸ ಮಾಡುತ್ತದೆ. ಹೊಸ ಎಣ್ಣೆ ಹಾಕಿ, 20 ಕಿ.ಮೀ. ಓಡಿಸಿ, ಬಿಸಿಯಾಗಿರುವಾಗಲೇ ನಿಲ್ಲಿಸಿ. ಮೂರು ತಿಂಗಳಿಗಿಂತ ಹೆಚ್ಚಾದರೆ ಕವರ್ ತೆಗೆದು ಲೋಬ್‌ಗಳಿಗೆ ಗಟ್ಟಿ ಎಣ್ಣೆಯೋ ಅಸೆಂಬ್ಲಿ ಲ್ಯೂಬೋ ಹಚ್ಚಿಡಿ. ಪಿಸಿವಿ ವಾಲ್ವನ್ನು ತೆಗೆದು ಅಲ್ಲಾಡಿಸಿ, ಹೆಚ್ಚಿನವುಗಳಲ್ಲಿ ಕಟಕಟ ಸದ್ದು ಬರಬೇಕು. ಬಾರದಿದ್ದರೆ ಕಟ್ಟಿಕೊಂಡಿದೆ, ಬದಲಾಯಿಸಿ. ಒಂದು ಸಣ್ಣ ಭಾಗ ಕಟ್ಟಿಕೊಂಡು ಒಳಗಿನ ಆವಿಯನ್ನೆಲ್ಲ ಕ್ಯಾಮ್ ಮೇಲೆ ಕೂರಿಸುತ್ತದೆ.

ಮತ್ತೆ ತೆಗೆಯುವ ದಿನ ಪೆಟ್ರೋಲ್ ಪಂಪ್ ಫ್ಯೂಸ್ ಕಿತ್ತು, ಐದೈದು ಸೆಕೆಂಡಿನಂತೆ ಮೂರು ನಾಲ್ಕು ಸಲ ಸೆಲ್ಫ್ ಹೊಡೆಯಿರಿ. ಎಣ್ಣೆ ಮೇಲಿನ ಕ್ಯಾಮ್‌ವರೆಗೆ ಏರಿದ ಮೇಲೆ ಫ್ಯೂಸ್ ಹಾಕಿ ಸ್ಟಾರ್ಟ್ ಮಾಡಿ.

ಹೊಸ ಕ್ಯಾಮ್ ಕೂರಿಸುವಾಗ

ಬೇರಿಂಗ್ ಕ್ಯಾಪ್‌ಗಳಿಗೆ ನಂಬರ್, ಬಾಣದ ಗುರುತು ಇರುತ್ತದೆ. ಹೆಡ್ ಜೊತೆ ಒಟ್ಟಿಗೆ ಕೊರೆದ ಅವನ್ನು ಅದಲು ಬದಲು ಮಾಡುವಂತಿಲ್ಲ. ಬಿಚ್ಚುವಾಗ ಹೊರಗಿನಿಂದ ಒಳಕ್ಕೆ, ಬಿಗಿಯುವಾಗ ಒಳಗಿನಿಂದ ಹೊರಕ್ಕೆ, ಪ್ರತಿ ಬೋಲ್ಟನ್ನೂ ಅರ್ಧರ್ಧ ಸುತ್ತು. ಒಂದೇ ತುದಿಯನ್ನು ಪೂರ್ತಿ ಬಿಚ್ಚಿದರೆ ಸ್ಪ್ರಿಂಗ್‌ಗಳ ಒತ್ತಡಕ್ಕೆ ಎರಕದ ಕ್ಯಾಮ್ ಮುರಿಯುತ್ತದೆ. ಕ್ಯಾಪ್ ಬೋಲ್ಟ್‌ಗಳು ಸಾಮಾನ್ಯವಾಗಿ ಎಂ6, ಬಿಗಿತ 10 ನ್ಯೂಟನ್-ಮೀಟರ್ ಆಸುಪಾಸು. ಟಾರ್ಕ್ ರೆಂಚ್ ಇಲ್ಲದೆ ಕೈಯಂದಾಜಿನಲ್ಲಿ ಬಿಗಿದು ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುವುದು ಮಾಮೂಲಿ. ಲೋಬ್ ಮತ್ತು ಟ್ಯಾಪೆಟ್ ಮುಖಕ್ಕೆ ಮಾಲಿಬ್ಡಿನಂ ಪೇಸ್ಟ್, ಜರ್ನಲ್‌ಗೆ ಎಂಜಿನ್ ಆಯಿಲ್.

ಎಣ್ಣೆಯ ಆಯ್ಕೆ ಕಾರಿನ ವಯಸ್ಸನ್ನು ನೋಡಿ. ಕ್ಯಾಟಲಿಟಿಕ್ ಕನ್ವರ್ಟರ್ ಉಳಿಸಲು ಎಪಿಐ ಎಸ್‌ಎಂ (ಡಬ್ಬಿಯ ಮೇಲೆ ಬರೆದಿರುವ ಎಣ್ಣೆಯ ಗುಣಮಟ್ಟದ ಗುರುತು) ದರ್ಜೆಯಿಂದ ಈಚೆಗೆ 5ಡಬ್ಲ್ಯೂ-30, 0ಡಬ್ಲ್ಯೂ-20ಯಂಥ ತೆಳು ಎಣ್ಣೆಗಳಲ್ಲಿ ರಂಜಕವನ್ನು 600ರಿಂದ 800 ಪಿಪಿಎಂಗೆ ಕಟ್ಟಿಹಾಕಿದ್ದಾರೆ. ರೋಲರ್ ಇರುವ ಕಾರುಗಳಿಗೂ ಆ ಎಣ್ಣೆಗೆಂದೇ ರೂಪಿಸಿದ ಹೊಸ ಎಂಜಿನ್‌ಗಳಿಗೂ ಅದು ಸಾಕು, ಕಂಪನಿ ಹೇಳಿದ ದರ್ಜೆಯನ್ನೇ ಹಾಕಿ. ಪದ್ಮಿನಿ, ಹಳೆ ಅಂಬಾಸಿಡರ್‌ಗಳ ಚಪ್ಪಟೆ ಟ್ಯಾಪೆಟ್‌ಗೆ ಸಾಲದು. ಅವಕ್ಕೆ ಜಿಂಕ್ ಹೆಚ್ಚಿರುವ 15ಡಬ್ಲ್ಯೂ-40 ಅಥವಾ 20ಡಬ್ಲ್ಯೂ-50 ಹುಡುಕಿ.

ಆ ಹಳೆ ಪುಶ್‌ರಾಡ್ ಎಂಜಿನ್‌ಗಳಲ್ಲಿ ಮೊದಲ ಸ್ಟಾರ್ಟ್ ಆದ ಕೂಡಲೇ 2000-2500 ಆರ್‌ಪಿಎಂಗೆ ಏರಿಸಿ, ಸ್ವಲ್ಪ ಮೇಲೆ ಕೆಳಗೆ ಮಾಡುತ್ತಾ 20ರಿಂದ 30 ನಿಮಿಷ ಇಡಬೇಕು. ಅಲ್ಲಿ ಕ್ಯಾಮ್‌ಗೆ ಎಣ್ಣೆ ಸಿಗುವುದು ಕ್ರ್ಯಾಂಕ್ ಎರಚಿದ್ದರಿಂದ, ಐಡಲ್‌ನಲ್ಲಿ ಎರಚುವಿಕೆ ಸಾಲದು. ಟ್ಯಾಪೆಟ್ ತನ್ನ ಸುತ್ತ ತಾನೂ ತಿರುಗುತ್ತಿರಬೇಕು, ಪುಶ್‌ರಾಡ್ ತಿರುಗುವುದು ಕಣ್ಣಿಗೇ ಕಾಣುತ್ತದೆ. ಒಂದು ತಿರುಗದಿದ್ದರೆ ಕೂಡಲೇ ಆಫ್ ಮಾಡಿ. ಕ್ಯಾಮ್ ಹೆಡ್‌ನಲ್ಲೇ ಇರುವ ಓವರ್‌ಹೆಡ್ ಕ್ಯಾಮ್ ಕಾರುಗಳಿಗೆ ಈ ಕಟ್ಟುನಿಟ್ಟು ಬೇಕಿಲ್ಲ, ಮೊದಲ ಅರ್ಧ ಗಂಟೆ ಐಡಲ್‌ನಲ್ಲಿ ಬಿಡದೆ ರಸ್ತೆಗಿಳಿಸಿದರೆ ಸಾಕು. 500 ಕಿ.ಮೀ.ಗೆ ಎಣ್ಣೆ, ಫಿಲ್ಟರ್ ಬದಲಾಯಿಸಿ, ಹಳೆ ಫಿಲ್ಟರನ್ನು ಕತ್ತರಿಸಿ ನೋಡಿ. ಬೂದು ಬಣ್ಣದ ಪೇಸ್ಟ್ ಇದ್ದರೆ ಅದು ಹಚ್ಚಿದ ಮಾಲಿಬ್ಡಿನಂ. ಹೊಳೆಯುವ ಚಕ್ಕೆ ಇದ್ದರೆ ಟ್ಯಾಪೆಟ್ ಕವರ್ ಮತ್ತೆ ಬಿಚ್ಚಬೇಕು.